ಷಡ್ಡಕನ ರಿವಾಲ್ವರು, ಟೆಕ್ಸಾಸಿನ ನೀಲಗಾಯ್

ಕಾಪೆಲ್

ನನ್ನ ಷಡ್ಡಕ ಶಶಿಧರನ ಮನೆಯ ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ ಇಲ್ಲ. ಏಳು ಬಟ್ಟಲಿನ ಆ ಸ್ಟೀಲ್ ಡಬ್ಬಿಯನ್ನು ದಾವಣಗೆರೆಯ ನಮ್ಮ ಅತ್ತೆ ಇಬ್ಬರು ಹೆಣ್ಣುಮಕ್ಕಳಿಗೂ ಮದುವೆಯಲ್ಲಿ ಕೊಟ್ಟಿದ್ದರು. ದೊಡ್ಡವಳು ನನ್ನ ಹೆಂಡತಿ ವಿಮಲಾ. ಮೈಸೂರಿನಲ್ಲಿ ಅವಳ ಡಬ್ಬಿ ಒಲೆಯ ಪಕ್ಕ ಜಿಡ್ಡು ಹಿಡಿದು ಕೂತಿದೆ. ಚಿಕ್ಕವಳು ಸರೋಜಾ, ಶಶಿಧರನ ಹೆಂಡತಿ. ಡಲ್ಲಾಸ್ ಪಕ್ಕದ ಕಾಪೆಲ್‌ನಲ್ಲಿ ಅವಳ ಡಬ್ಬಿಯ ಏಳು ಬಟ್ಟಲುಗಳಲ್ಲೂ ಕಾಡುಹಂದಿ, ಜಿಂಕೆಗಳ ಮೈಯಿಂದ ಹೆಕ್ಕಿ ತೆಗೆದ ಗುಂಡುಗಳಿವೆ. ಕೆಲವು ಅಣಬೆಯ ಹಾಗೆ ಅರಳಿವೆ, ಕೆಲವು ಪುಡಿಯಾಗಿವೆ, ಇನ್ನು ಕೆಲವು ಪೆಟ್ಟಿಗೆಯಿಂದ ಈಗಷ್ಟೇ ತೆಗೆದಷ್ಟು ನೆಟ್ಟಗಿವೆ. ಪ್ರತಿ ಗುಂಡಿಗೂ ಒಂದು ಚೀಟಿ. ಹೊಡೆಯುವ ಮುಂಚೆ ಎಷ್ಟು ತೂಕ, ಹೊಡೆದ ಮೇಲೆ ಎಷ್ಟು ಉಳಿಯಿತು, ಯಾವ ಪ್ರಾಣಿ, ಎಷ್ಟು ದೂರ ಓಡಿ ಬಿತ್ತು, ಎಲ್ಲವೂ ಅದರಲ್ಲಿದೆ.

ಹೋದ ಮೊದಲ ದಿನ ಅವನು ಕಾಫಿಗೂ ಮುಂಚೆ ಆ ಡಬ್ಬಿಯನ್ನು ನನ್ನ ಮುಂದೆ ತೆರೆದಿಟ್ಟ.

"ಅಣ್ಣಾರ, ನಿಮಗ ತೋರಸಾಕಂತ ಕಾಯ್ತಿದ್ನಿ ನೋಡ್ರಿ. ನಿಮ್ಮಷ್ಟು ಬಂದೂಕ ತಿಳದವರು ಇಲ್ಲಿ ನನಗ ಯಾರೂ ಇಲ್ಲ."

ನನಗೆ ಬಂದೂಕು ತಿಳಿಯುತ್ತದೆ, ನಿಜ. ಮೈಸೂರಿನಲ್ಲಿ ನನ್ನದು ಬಂದೂಕು ರಿಪೇರಿ ಅಂಗಡಿ. ತಾತ ತೆರೆದದ್ದು, ಅಪ್ಪ ನಡೆಸಿದ್ದು, ನಾನು ನಲವತ್ತು ವರ್ಷದಿಂದ ಕೂತದ್ದು. ಕೊಡಗಿನ ಎಸ್ಟೇಟುಗಳಿಂದ ಬರುವ ಜೋಡಿ ನಳಿಗೆಯ ಬಂದೂಕುಗಳ ಸ್ಪ್ರಿಂಗು, ಕುದುರೆ, ಹಿಡಿ ಎಲ್ಲವೂ ನನ್ನ ಕೈಯಿಂದಲೇ ಹಾದುಹೋಗುತ್ತವೆ. ಆದರೆ ದೇಶದಲ್ಲಿ ಬೇಟೆ ನಿಂತಾಗ ನಾನಿನ್ನೂ ಹೈಸ್ಕೂಲು. ಅಪ್ಪನ ಗಿರಾಕಿಗಳು ಅಂಗಡಿಯ ಬೆಂಚಿನ ಮೇಲೆ ಕೂತು ಹೇಳುತ್ತಿದ್ದ ಬೇಟೆಯ ಕಥೆ ಕೇಳಿ ಬೆಳೆದವನು, ಐವತ್ತೆಂಟರವರೆಗೆ ಹಿತ್ತಲ ಮರಳುಚೀಲಕ್ಕಲ್ಲದೆ ಬೇರೆ ಯಾವುದಕ್ಕೂ ಗುಂಡು ಹೊಡೆದಿರಲಿಲ್ಲ. ಚುನಾವಣೆ ಬಂತೆಂದರೆ ಊರಿನವರು ತಂದೊಪ್ಪಿಸುವ ಬಂದೂಕುಗಳನ್ನು ಕಾಯುತ್ತ ಕೂರುವುದೇ ನನ್ನ ಶೌರ್ಯ.

ಈ ಶಶಿಧರನೋ, ರಾಣೆಬೆನ್ನೂರಿನ ಬೀಜದ ವ್ಯಾಪಾರಿಯ ಮಗ. ಮದುವೆಯಾದ ಹೊಸದರಲ್ಲಿ ದೀಪಾವಳಿಗೆ ನಮ್ಮ ಮನೆಗೆ ಬಂದಾಗ ಲಕ್ಷ್ಮಿ ಪಟಾಕಿಗೆ ಹೆದರಿ ಕಿವಿಗೆ ಹತ್ತಿ ತುರುಕಿಕೊಂಡು ನಡುಮನೆಯಲ್ಲಿ ಕೂತಿದ್ದ. ಈಗ ರಿಚರ್ಡ್‌ಸನ್ನಿನಲ್ಲಿ ಟೆಲಿಕಾಂ ಎಂಜಿನಿಯರು, ಮನೆಯಲ್ಲಿ ಆಳೆತ್ತರದ ಕಬ್ಬಿಣದ ಬೀರು, ಬೀರುವಿನಲ್ಲಿ ಐದು ರಿವಾಲ್ವರು. ಎಲ್ಲವೂ ನಲವತ್ನಾಲ್ಕು ಮ್ಯಾಗ್ನಮ್, ಇಲ್ಲವೇ ಅದಕ್ಕೂ ದಪ್ಪ ಗುಂಡಿನವು. ನಾನು ಚಿತ್ರದಲ್ಲಿ ಮಾತ್ರ ನೋಡಿದ್ದ ಮಾಲುಗಳು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವನು ನಮ್ಮಿಬ್ಬರನ್ನು ಪಕ್ಕಪಕ್ಕ ಕೂರಿಸಿ ನೋಡಿರಬೇಕು.

ಅವನ ಮಗಳು ಪಿಜ್ಜಾ ತಿನ್ನುತ್ತ ಕೇಳಿದಳು, "ದೊಡ್ಡಪ್ಪ, ಹೌ ಮೆನಿ ಆನಿಮಲ್ಸ್ ಡಿಡ್ ಯು ಶೂಟ್?"

"ಒಂದೂ ಇಲ್ಲ ಪುಟ್ಟ" ಅಂದೆ. ಅವಳು ಪಾಪ ಅನ್ನುವ ಹಾಗೆ ನೋಡಿದಳು. ನನಗೆ ನಿಜವಾಗಿ ಹೊಟ್ಟೆಕಿಚ್ಚು ಹತ್ತಿದ್ದು ಆಗಲೇ. ಮುಚ್ಚಿಡುವುದೇಕೆ, ಮುಂದಿನ ಎರಡು ವಾರ ಅದು ಆರಲೂ ಇಲ್ಲ.

ಆದರೆ ಶಶಿಧರ ಒಂದು ಮಾತು ಕೊಟ್ಟಿದ್ದ. ಆಸ್ಟಿನ್ನಿನ ಆಚೆ ಒಬ್ಬ ಮುದುಕನ ರ‍್ಯಾಂಚಿನಲ್ಲಿ, ನಮ್ಮ ದೇಶದಿಂದ ಒಯ್ದು ಬೆಳೆಸಿದ ದೊಡ್ಡ ಜಾತಿಯ ಹುಲ್ಲೆಗಳಾದ ನೀಲಗಾಯ್‌ಗಳಿವೆ. "ಅಲ್ಲಿ ನೀವೂ ಒಂದು ಹೊಡೀರಿ ಅಣ್ಣಾರ" ಅಂದಿದ್ದ. ನಾನು ವೀಸಾಕ್ಕೆ ಸಾಲಿನಲ್ಲಿ ನಿಂತದ್ದು, ವಿಮಾನದಲ್ಲಿ ಹತ್ತೊಂಬತ್ತು ಗಂಟೆ ಮೊಣಕಾಲು ಮಡಚಿ ಕೂತದ್ದು ಆ ಒಂದು ಮಾತಿಗೆ.

ಡಲ್ಲಾಸ್

ಬೇಟೆಗೆ ಲೈಸೆನ್ಸು ಬೇಕು. ಅದಿಲ್ಲದೆ ಪ್ರವಾಸಿಗ ಬಂದೂಕು ಮುಟ್ಟುವ ಹಾಗೂ ಇಲ್ಲ. ನಾನು ಸಿದ್ಧವಾಗಿಯೇ ಹೋಗಿದ್ದೆ. ಒಂದು ಫೈಲು: ಮೈಸೂರಿನ ನನ್ನ ಅಂಗಡಿ ಲೈಸೆನ್ಸಿನ ಜೆರಾಕ್ಸು, ಅದಕ್ಕೆ ಗೆಜೆಟೆಡ್ ಅಧಿಕಾರಿಯ ಸಹಿ, ಪೊಲೀಸರಿಂದ ನಡತೆಯ ಪತ್ರ, ಎಂಟು ಫೋಟೊ, ಹತ್ತನೇ ತರಗತಿಯ ಅಂಕಪಟ್ಟಿ. ಲೈಸೆನ್ಸು ಕೊಡುವುದು ಕಚೇರಿಯಲ್ಲಲ್ಲ, ಅಂಗಡಿಯ ಕೌಂಟರಿನಲ್ಲಿ. ಒಂದು ಕಡೆ ಗಾಳ, ಇನ್ನೊಂದು ಕಡೆ ಟೆಂಟು, ನಡುವೆ ಗೋಡೆಯುದ್ದಕ್ಕೂ ತೋಟಾಗಳ ಪೆಟ್ಟಿಗೆ, ನಮ್ಮಲ್ಲಿ ಅಗರಬತ್ತಿ ಜೋಡಿಸಿಟ್ಟ ಹಾಗೆ. ಮೈಸೂರಿನಲ್ಲಿ ಒಂದು ಪೆಟ್ಟಿಗೆ ತೋಟಾ ಕೊಡುವುದಕ್ಕೆ ಎಷ್ಟು ಪುಟ ಬರೆದಿದ್ದೇನೋ ನಾನು. ಅಲ್ಲಿ ಒಬ್ಬ ಹೆಂಗಸು ಹಾಲು, ಮೊಟ್ಟೆಯ ಹಾಗೆ ತಳ್ಳುಗಾಡಿಗೆ ಎತ್ತಿ ಹಾಕಿಕೊಂಡು ಹೋದಳು.

ಕೌಂಟರಿನ ಅಜ್ಜಿ ನನ್ನ ಫೈಲನ್ನು ಕುತೂಹಲದಿಂದ ತಿರುವಿ ಹಾಕಿದಳು. ಕೊನೆಗೆ ಪಾಸ್‌ಪೋರ್ಟನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಹಿಂದಕ್ಕೆ ತಳ್ಳಿ, ನನ್ನ ಎತ್ತರ ಮತ್ತು ಕಣ್ಣಿನ ಬಣ್ಣ ಕೇಳಿದಳು. ಬೇಟೆಗಾರರಿಗೆ ಪಾಠವೊಂದಿದೆಯಂತೆ, ನನ್ನ ವಯಸ್ಸಿನವರಿಗೆ ಅದೂ ಬೇಡವಂತೆ. ಕಾಫಿ ಆರುವಷ್ಟರಲ್ಲಿ ನಾನು ಟೆಕ್ಸಾಸಿನ ಬೇಟೆಗಾರನಾಗಿದ್ದೆ. ಖುಷಿಯಾಗಬೇಕಿತ್ತು. ಬದಲಿಗೆ, ಇಷ್ಟು ಸುಲಭಕ್ಕೆ ಇವನಿಗೆ ಸಿಕ್ಕಿದ್ದನ್ನು ನಾನು ಜೀವಮಾನವಿಡೀ ಬಾಗಿಲಲ್ಲಿ ನಿಂತು ನೋಡಿದೆನಲ್ಲ ಎಂದು ಉರಿಯಿತು.

ಹ್ಯೂಸ್ಟನ್

ಸರೋಜಾ ದಿನವೂ ಮನೆಯಲ್ಲೇ ಮೊಸರು ಹೆಪ್ಪು ಹಾಕುತ್ತಾಳೆ. ಹಾಗಾಗಿ ಅವರ ಗ್ಯಾರೇಜಿನಲ್ಲಿ ಹಾಲಿನ ಗ್ಯಾಲನ್ ಕ್ಯಾನುಗಳು ಗುಡ್ಡೆ ಬಿದ್ದಿರುತ್ತವೆ. ಶಶಿಧರ ಅವನ್ನು ಎಸೆಯಲು ಬಿಡುವುದಿಲ್ಲ. ಹ್ಯೂಸ್ಟನ್ನಿನ ಹೊರಗೆ ಅವನ ಗೆಳೆಯನೊಬ್ಬನ ಖಾಲಿ ಜಮೀನಿದೆ. ಅಲ್ಲಿಗೆ ನಲವತ್ತು ಕ್ಯಾನು ಹೇರಿಕೊಂಡು ಹೋದೆವು. ನೀರು ತುಂಬಿ ಹಲಗೆಯ ಮೇಲೆ ಒಂದರ ಹಿಂದೊಂದು ನಿಲ್ಲಿಸಿ ಗುಂಡು ಹೊಡೆದರೆ, ಯಾವ ಗುಂಡು ಎಷ್ಟನೇ ಕ್ಯಾನಿನಲ್ಲಿ ನಿಂತಿತು, ಎಷ್ಟು ಅರಳಿತು ಎಂದು ಗೊತ್ತಾಗುತ್ತದೆ.

ಹ್ಯೂಸ್ಟನ್ನಿನ ಸೆಕೆ ಮಂಗಳೂರನ್ನೂ ಮೀರಿಸುವಂಥದ್ದು. ಕೆಲವು ಕ್ಯಾನುಗಳನ್ನು ತೊಳೆದಿರಲಿಲ್ಲವೆಂದು ಕಾಣುತ್ತದೆ. ಮೊದಲ ಗುಂಡಿಗೇ ಎರಡು ಕ್ಯಾನು ಸಿಡಿದು ಹುಳಿ ಹಾಲಿನ ನೀರು ಪಕ್ಕದಲ್ಲಿ ನಿಂತಿದ್ದ ನನ್ನ ತಲೆಯ ಮೇಲಿಂದ ಇಳಿಯಿತು. ಶಶಿಧರ ಅದನ್ನು ಗಮನಿಸಲೇ ಇಲ್ಲ. ಓಡಿಹೋಗಿ ನಾಲ್ಕನೇ ಕ್ಯಾನಿನಿಂದ ಗುಂಡು ತೆಗೆದು, ಅಂಗೈಯಲ್ಲಿಟ್ಟು ಮಗುವಿನ ಹಾಲುಹಲ್ಲು ನೋಡಿದಂತೆ ನೋಡಿದ.

"ಮುಂದ ತೂತ ಇರೋದು ಹಿಂಗ ಅರಳತೈತ್ರಿ. ಅಗಲ ಗಾಯ ಮಾಡತೈತಿ, ಆದ್ರ ಆಳಕ್ಕ ಹೋಗೂದಿಲ್ಲ. ಈ ಗಟ್ಟಿ ಸೀಸದ್ದು ಐತಲ್ಲ, ಆರೂ ಕ್ಯಾನ ದಾಟಿ ಹೋಕ್ಕತಿ, ಅರಳೂದ ಇಲ್ಲ. ನೀಲಗಾಯ್‌ಗೆ ಎರಡೂ ಬ್ಯಾಡ. ನಡುವಿನದು ಬೇಕು."

ನಡುವಿನದೆಂದರೆ ಅವನು ಹೊಸದಾಗಿ ತರಿಸಿದ್ದ, ತಾಮ್ರದ ಹೊದಿಕೆಯ ಗುಂಡು. ನಾನೂ ಎರಡು ಹೊಡೆದೆ. ಮೊದಲನೆಯದಕ್ಕೆ ರಿವಾಲ್ವರು ಮೇಲಕ್ಕೆ ಹಾರಿ ನನ್ನ ಟೋಪಿ ಕೆಡವಿತು. ಪಟಾಕಿಗೆ ಹೆದರುತ್ತಿದ್ದ ಆ ಮನುಷ್ಯ ನನ್ನ ಹಿಂದೆ ನಿಂತು, ನನ್ನ ಮಣಿಕಟ್ಟು ಹಿಡಿದು, ಬಂದೂಕು ಹಿಡಿಯುವುದನ್ನು ನನಗೆ ಕಲಿಸಿದ. ಎಡಗೈ ಹೀಗೆ, ಮೊಣಕೈ ಹೀಗೆ. ಕಲಿಸಿದ್ದು ಸರಿಯಾಗಿಯೇ ಇತ್ತು. ಎರಡನೆಯದು ಸಾಲಾಗಿ ಕ್ಯಾನುಗಳನ್ನು ಸೀಳಿಕೊಂಡು ಹೋಯಿತು. ಸರಿಯಾಗಿ ಕಲಿಸಿದ ಎಂಬುದನ್ನೇ ನನ್ನಿಂದ ಸಹಿಸಲಾಗಲಿಲ್ಲ.

ಮತ್ತೆ ಕಾಪೆಲ್

ಆಯುಧ ಪೂಜೆ ಬಂತು. ಕಾರು, ಲ್ಯಾಪ್‌ಟಾಪು, ಮಿಕ್ಸಿ, ಮಗಳ ಸೈಕಲ್ಲು, ಕೊನೆಗೆ ಐದು ರಿವಾಲ್ವರು. ಮೈಸೂರಿನವನೆಂದು ಯಜಮಾನಿಕೆ ನನಗೇ ಬಂತು. ಬೂದುಗುಂಬಳ ಸಿಗದೆ ಸರೋಜಾ ಅಲ್ಲಿ ಆ ತಿಂಗಳು ಎಲ್ಲೆಲ್ಲೂ ರಾಶಿ ಹಾಕಿರುವ ಕಿತ್ತಳೆ ಬಣ್ಣದ ಕುಂಬಳವನ್ನೇ ತಂದಿದ್ದಳು. ಕುಂಕುಮ ತುಂಬಿ ಡ್ರೈವ್‌ವೇಯಲ್ಲಿ ಒಡೆದೆ. ಎದುರುಮನೆಯವನು ಕೈಜಾರಿ ಬಿತ್ತೆಂದುಕೊಂಡು ಪಾಪ, ಪೊರಕೆ ತಂದು ಗುಡಿಸಲು ನಿಂತ.

ನಮ್ಮ ಅಂಗಡಿಯಲ್ಲಿ ತಾತನ ಕಾಲದ ಎರಡು ಕಟ್ಟಳೆಗಳಿವೆ. ಪೂಜೆಗೆ ಇಟ್ಟ ಬಂದೂಕು ಬರಿದಾಗಿರಬೇಕು, ಎಲ್ಲರಿಗೂ ಕಾಣುವ ಹಾಗೆ ಬಾಯಿ ತೆರೆದಿರಬೇಕು. ಕುಂಕುಮ ಮರದ ಹಿಡಿಗೆ ಮಾತ್ರ, ಕಬ್ಬಿಣಕ್ಕೆ ತಾಗಬಾರದು. ಮೊದಲನೆಯದನ್ನು ಹೇಳಿ, ಐದರಲ್ಲೂ ತೋಟಾ ಕೂರುವ, ತಿರುಗುವ ಸಿಲಿಂಡರನ್ನು ಹೊರಕ್ಕೆ ತೆಗೆಸಿಟ್ಟೆ. ಎರಡನೆಯದನ್ನು ಹೇಳುವಷ್ಟರಲ್ಲಿ ಸರೋಜಾ ಕಲಸಿದ ಅರಿಶಿನ, ಕುಂಕುಮವನ್ನು ಎಲ್ಲ ಕಡೆಗೂ ಹಚ್ಚಿಯಾಗಿತ್ತು. ಪರವಾಗಿಲ್ಲ, ನಾಳೆ ವಿಜಯದಶಮಿಗೆ ನಾನೇ ಒರೆಸಿಕೊಡುತ್ತೇನೆ ಅಂದೆ.

ಮರುದಿನ ಗ್ಯಾರೇಜಿನಲ್ಲಿ ಕೂತು ಒರೆಸುತ್ತಿದ್ದೆ. ನಾಲ್ಕು ಮುಗಿದು, ಬೇಟೆಗೆ ಒಯ್ಯಬೇಕಾದ ನಲವತ್ನಾಲ್ಕು ಕೈಯಲ್ಲಿತ್ತು. ಪಕ್ಕದಲ್ಲೇ ಶಶಿಧರ ರ‍್ಯಾಂಚಿನ ಮುದುಕ ಡೇಲ್‌ನೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದ. ಇಂಗ್ಲಿಷಿನಲ್ಲಿ ಹೇಳಿದ್ದಿಷ್ಟು: ನೀಲಗಾಯ್ ಒಂದೇ ಸಾಕು, ಅದನ್ನು ನಾನು ಹೊಡೆಯುತ್ತೇನೆ, ನಮ್ಮಣ್ಣ ಸುಮ್ಮನೆ ನೋಡಲು ಬರುತ್ತಾರೆ.

ಫೋನಿಟ್ಟು ನನ್ನ ಕಡೆ ತಿರುಗಿದ. "ಈ ಹೊಸ ಗುಂಡಿನ ಲೆಕ್ಕ ನನ್ನ ಕೈಯಾಗ ಆಗಬೇಕ್ರಿ ಅಣ್ಣಾರ, ಇಲ್ಲಾಂದ್ರ ಹೋಲಿಸಾಕ ಬರೂದಿಲ್ಲ. ನಿಮಗ ಹಂದಿ ಸಿಕ್ಕರ ನೋಡೂಣು."

ಸಿಕ್ಕರೆ ನೋಡೋಣ. ರಿವಾಲ್ವರಿನ ಸಿಲಿಂಡರಿನ ಹಿಂಬದಿಯಲ್ಲಿ, ಸುಟ್ಟ ತೋಟಾಗಳನ್ನು ಹೊರಕ್ಕೆ ದೂಡುವ ನಕ್ಷತ್ರದ ಆಕಾರದ ಬಿಲ್ಲೆಯೊಂದಿರುತ್ತದೆ. ಅದರಡಿ ಕೂದಲೆಳೆಯಷ್ಟು ಕಸ ಕೂತರೂ ಸಿಲಿಂಡರು ಬಿಗಿಯುತ್ತದೆ. ಎತ್ತಿ ನೋಡಿದೆ. ಅಡಿಯಲ್ಲಿ ಕುಂಕುಮ ಒಣಗಿ ಕೆಂಪಗೆ ಹೆಪ್ಪುಗಟ್ಟಿತ್ತು. ಬ್ರಷ್ಷು ನನ್ನ ಎಡಗೈಯಲ್ಲೇ ಇತ್ತು. ನಾನು ಬಿಲ್ಲೆಯನ್ನು ಬಿಟ್ಟು, ಸಿಲಿಂಡರನ್ನು ಒಳಕ್ಕೆ ಒತ್ತಿ, ಮೇಲೆ ಮಾತ್ರ ಎಣ್ಣೆಬಟ್ಟೆಯಿಂದ ಒರೆಸಿ ಅವನ ಕೈಗೆ ಕೊಟ್ಟೆ.

"ಮುಗೀತಾ ಅಣ್ಣಾರ?"

"ಮುಗೀತು" ಅಂದೆ.

ಆಸ್ಟಿನ್

ಆಸ್ಟಿನ್ನಿಗೆ ಹೋಗುವ ರಸ್ತೆಯಲ್ಲಿ ನಾನು ನೋಡಿದ್ದು ಕಡಿಮೆ, ಯೋಚಿಸಿದ್ದು ಹೆಚ್ಚು. ಏನಾದೀತು, ಒಂದೆರಡು ಸಲ ಬಿಗಿಯುತ್ತದೆ. ಡೇಲ್‌ನೆದುರು ಇವನ ಮುಖ ಸಣ್ಣದಾಗುತ್ತದೆ. ಆಗ ನಾನು ಸರಿಮಾಡಿಕೊಟ್ಟರೆ ರಿವಾಲ್ವರು ನನ್ನ ಕೈಗೆ ಬರುತ್ತದೆ. ಹೀಗೆಲ್ಲ ಲೆಕ್ಕ ಹಾಕಿದೆ. ಹೇಳಿಬಿಡೋಣ ಎಂದು ಎರಡು ಸಲ ಬಾಯಿ ತೆರೆದದ್ದೂ ಹೌದು.

ರೌಂಡ್ ರಾಕ್‌ನಲ್ಲಿ ದೋಸೆಗೆ ನಿಲ್ಲಿಸಿದೆವು. ಪಕ್ಕದ ಮೇಜಿನಲ್ಲಿ ನಮ್ಮ ಕಡೆಯ ಇಬ್ಬರು ಎಂಜಿನಿಯರ್ ಹುಡುಗರು ಶಶಿಧರನ ಎಲೆಚಿತ್ತಾರದ ಬೇಟೆಯಂಗಿ ನೋಡಿ ಮಾತಿಗೆ ಬಂದರು. ಅವನ ಫೋನಿನಲ್ಲಿದ್ದ ಹಂದಿಗಳ ಫೋಟೊ ನೋಡಿ ಬೆರಗಾದರು.

"ಅಂಕಲ್, ನೀವೂ ಹಂಟಿಂಗ್ ಮಾಡ್ತೀರಾ?" ಎಂದು ಒಬ್ಬ ನನ್ನನ್ನು ಕೇಳಿದ.

ನನಗಿಂತ ಮುಂಚೆ ಶಶಿಧರ ಉತ್ತರ ಕೊಟ್ಟ. "ಇವರು ನಮ್ಮ ಅಣ್ಣಾರು. ಮೈಸೂರಾಗ ಬಂದೂಕ ರಿಪೇರಿ ಮಾಡ್ತಾರ. ಇವರು ಕೈಯಿಟ್ಟ ಬಂದೂಕ ಕೆಡೂದಿಲ್ಲ."

ಹೊಗಳಿದ್ದೇ. ನನ್ನ ಕಿವಿಗೆ ಬಿದ್ದದ್ದು ರಿಪೇರಿ ಎಂಬುದು ಮಾತ್ರ. ಹೇಳಬೇಕೆಂದಿದ್ದ ಮಾತನ್ನು ಚಟ್ನಿಯ ಜೊತೆ ನುಂಗಿದೆ.

ರ‍್ಯಾಂಚು

ಆಸ್ಟಿನ್ನಿನ ಪಶ್ಚಿಮಕ್ಕೆ ಸುಣ್ಣಕಲ್ಲಿನ ಗುಡ್ಡಗಳು, ಕುರುಚಲು ಮರಗಳು. ಚಿತ್ರದುರ್ಗದ ಸುತ್ತಮುತ್ತ ಎಲ್ಲೋ ಇದ್ದೇವೆ ಅನ್ನಿಸುತ್ತದೆ. ಬೆಳಗ್ಗೆ ಡೇಲ್‌ನ ಜೀಪಿನಲ್ಲಿ ಹೋಗುವಾಗ ಬೇಲಿಯಾಚೆ ಕೃಷ್ಣಮೃಗಗಳ ಹಿಂಡು ಕಂಡಿತು. ನಮ್ಮದೇ ಕೃಷ್ಣಮೃಗ, ಅದೇ ತಿರುಚಿದ ಕೊಂಬು. ಶಶಿಧರನ ಊರಿನಲ್ಲಿ ಅದರ ಮೇಲೆ ಕಲ್ಲೆಸೆದರೂ ಜೈಲು. ಇಲ್ಲಿ ಅವು ಕುರಿಯ ಹಾಗೆ ಸಾಕಿ ಬಿಟ್ಟ ಬೇಟೆ. ಹುಟ್ಟಿದೂರಿನಲ್ಲಿ ಮುಟ್ಟಲೂ ಆಗದ ಪ್ರಾಣಿಯನ್ನು ಇಷ್ಟು ದೂರ ಬಂದು ಹೊಡೆಯುವ ಯೋಗ ಇವನದು.

ಡೇಲ್ ಎಪ್ಪತ್ತು ದಾಟಿದವನು. ಮಾತು ಕಡಿಮೆ. ಹಿಂದಿನ ಸೀಟಿನಲ್ಲಿ ಅವನ ಹಳದಿ ನಾಯಿ. ಒಂದು ಹಳ್ಳದ ದಡದಲ್ಲಿ ನಮ್ಮಿಬ್ಬರನ್ನು ಪೊದೆಯ ಮರೆಯಲ್ಲಿ ಕೂರಿಸಿ, ತಾನು ರೈಫಲು, ನಾಯಿ ಸಮೇತ ಹಿಂದೆ ಉಳಿದ. ಗಂಟೆಯೊಂದು ಕಳೆದಿರಬೇಕು, ನೀಲಗಾಯ್ ಬಂತು. ಗಂಡು. ಕುದುರೆಯಷ್ಟು ಎತ್ತರ, ಸ್ಲೇಟಿನ ಬಣ್ಣ, ಗಂಟಲಲ್ಲಿ ಬಿಳಿ ಮಚ್ಚೆ. ನೀರಿನ ಹತ್ತಿರ ನಿಂತು ಕಿವಿ ತಿರುಗಿಸಿತು.

ಶಶಿಧರ ರಿವಾಲ್ವರಿನ ಬೆನ್ನಿನ ಮೇಲಿನ ಕುದುರೆಯನ್ನು ಹಿಂದಕ್ಕೆ ಎಳೆದ; ಅದರ ಜೊತೆಗೇ ಸಿಲಿಂಡರೂ ತಿರುಗಬೇಕು. ಎಳೆಯಲು ಹೆಬ್ಬೆರಳು ತಿಣುಕಿತು.

"ಸ್ವಲ್ಪ ಬಿಗಿ ಐತ್ರಿ" ಎಂದು ಪಿಸುಗುಟ್ಟಿದ.

ನನ್ನ ಕಡೆ ನೋಡಿದ. ನಲವತ್ತು ವರ್ಷ ಬಂದೂಕು ನೋಡಿದವನು ಏನು ಹೇಳುತ್ತಾನೆಂದು ನೋಡಿದ. "ಹೊಡೀಬೇಡ" ಎಂಬ ಒಂದು ಮಾತು ಸಾಕಿತ್ತು. ನಾನು ಪ್ರಾಣಿಯನ್ನು ನೋಡುತ್ತ ಕೂತೆ.

ಹೊಡೆದ. ಅದೇ ಕ್ಷಣಕ್ಕೆ ಅದು ಒಂದು ಹೆಜ್ಜೆ ಮುಂದಿಟ್ಟಿತ್ತು. ಗುಂಡು ಭುಜಕ್ಕಿಂತ ಹಿಂದೆ ತಾಗಿತು. ನೀಲಗಾಯ್ ಮೊಣಕಾಲೂರಿ, ಎದ್ದು, ನಮಗೆ ಅಡ್ಡಲಾಗಿಯೇ ನಿಂತಿತು. ಎರಡನೇ ಗುಂಡಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಯಾರಿಗೂ ಸಿಗದು. ಶಶಿಧರ ಕುದುರೆ ಎಳೆದ. ಬರಲಿಲ್ಲ. ಎರಡೂ ಹೆಬ್ಬೆರಳಿನಿಂದ ಎಳೆದ. ಸಿಲಿಂಡರು ಕಲ್ಲಾಗಿತ್ತು. ಪ್ರಾಣಿ ನಮ್ಮ ಕಡೆಗೊಮ್ಮೆ ನೋಡಿ, ಹಿಂಗಾಲು ಎಳೆಯುತ್ತ ಹಳ್ಳ ದಾಟಿ ಪೊದೆಗಳಲ್ಲಿ ಮರೆಯಾಯಿತು.

ಡೇಲ್‌ನ ನಾಯಿ ಹಿಡಿದುಕೊಂಡು ಹೋದ ಜಾಡಿನಲ್ಲಿ ನಾವು ಮಧ್ಯಾಹ್ನದವರೆಗೆ ನಡೆದೆವು. ಕಲ್ಲಿನ ಮೇಲೆ ರಕ್ತ, ಎಲೆಯ ಮೇಲೆ ರಕ್ತ, ಅದು ಮಲಗಿ ಎದ್ದ ಜಾಗಗಳಲ್ಲಿ ಕೈಯಗಲದ ರಕ್ತ. ಅಪ್ಪನ ಗಿರಾಕಿಗಳ ಕಥೆಗಳಲ್ಲಿ ಇದು ಇರಲಿಲ್ಲ. ಕೊನೆಗೆ ಒಂದು ಬೇಲಿಯ ಮೂಲೆಯಲ್ಲಿ ಸಿಕ್ಕಿತು. ನಿಂತೇ ಇತ್ತು, ಮೂಗಿನಲ್ಲಿ ನೊರೆ. ಡೇಲ್ ರೈಫಲಿನಿಂದ ಒಂದೇ ಗುಂಡಿಗೆ ಮುಗಿಸಿದ. ಟೋಪಿ ತೆಗೆದು ಅದರ ಪಕ್ಕ ಸ್ವಲ್ಪ ಹೊತ್ತು ಕೂತ.

ರ‍್ಯಾಂಚು, ಸಂಜೆ

ಡೇಲ್ ಚರ್ಮ ಸುಲಿದು ಮಾಂಸ ಬಿಡಿಸುವಾಗ ಆ ಕಡೆಯ ಪಕ್ಕೆಲುಬಿನ ಒಳಗೆ ಗುಂಡು ಸಿಕ್ಕಿತು. ಶಶಿಧರ ತೊಳೆದು ಕೈಯಲ್ಲಿಟ್ಟುಕೊಂಡ. ಎಲ್ಲೂ ಚೂರಾಗದೆ, ಹೇಗೆ ಅರಳಬೇಕೋ ಹಾಗೆ ಅರಳಿತ್ತು.

"ಗುಂಡಿನ ತಪ್ಪಲ್ಲ" ಅಂದ. "ಬಂದೂಕ ಕೈ ಕೊಡ್ತು."

ವರಾಂಡದಲ್ಲಿ ಕೂತು ಹಾಗೂ ಹೀಗೂ ಸಿಲಿಂಡರು ಬಿಡಿಸಿದ. ಬಿಲ್ಲೆ ಎತ್ತಿದಾಗ ಕೆಂಪು ಹಕ್ಕಳೆ ಅವನ ಪ್ಯಾಂಟಿನ ಮೇಲೆ ಉದುರಿತು. ಬೆರಳಲ್ಲಿ ತೀಡಿ ಮೂಸಿದ.

"ಕುಂಕುಮ" ಅಂದ. ಮುಖ ಕೆಂಪಾಯಿತು. "ಸರೋಜಾಗ ಹೇಳಬೇಕು. ಒಂದು ಜೀವ ಅರ್ಧ ದಿನ ನರಳಿತು, ಆಕೀ ಪೂಜಿಗೆ." ಫೋನು ತೆಗೆದ.

ಫೋನು ಆ ಕಡೆ ರಿಂಗಾಗುವುದು ನನಗೂ ಕೇಳುತ್ತಿತ್ತು. ನಾನು ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಸರೋಜಾ ನಾಲ್ಕು ಮಾತು ಬೈಸಿಕೊಳ್ಳುತ್ತಿದ್ದಳು, ಅತ್ತು ಮರೆಯುತ್ತಿದ್ದಳು.

"ಶಶಿ, ಫೋನಿಡು" ಅಂದೆ. "ಅವಳ ತಪ್ಪಲ್ಲ. ಒರೆಸುವಾಗ ನಾನು ನೋಡಿದ್ದೆ."

"ನೋಡಿದ್ರಿ?"

"ನೋಡಿ ಹಾಗೇ ಮುಚ್ಚಿದೆ. ಬ್ರಷ್ಷು ಕೈಯಲ್ಲೇ ಇತ್ತು."

ಅವನು ಫೋನು ಇಟ್ಟ. ಅರ್ಥವಾಗದವನ ಹಾಗೆ ನನ್ನನ್ನೇ ನೋಡಿದ. "ಯಾಕ್ರಿ ಅಣ್ಣಾರ?"

"ಹೊಟ್ಟೆಕಿಚ್ಚು" ಅಂದೆ. "ಬಂದ ದಿನದಿಂದಲೂ. ನಿನ್ನ ಬೀರು, ನಿನ್ನ ಗುಂಡು, ನೀನು ನನಗೆ ಹಿಡಿಯೋದು ಕಲಿಸಿದ್ದು, ಎಲ್ಲಕ್ಕೂ. ನೋಡೋಕೆ ಬರ್ತಾರೆ ಅಂತ ಫೋನಲ್ಲಿ ಹೇಳಿದ್ಯಲ್ಲ, ಅದಕ್ಕೂ."

ಅವನು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಆಡಿ ಹಗುರಾಗುತ್ತಿದ್ದೆ. ಪ್ಯಾಂಟಿನ ಮೇಲಿನ ಕುಂಕುಮವನ್ನು ಒಂದೊಂದಾಗಿ ಆರಿಸಿ ವರಾಂಡದಾಚೆ ಹಾಕಿದ. ಆಮೇಲೆ, "ಊಟಾ ಮಾಡ್ರಿ, ತಣ್ಣಗ ಆಕ್ಕತಿ" ಎಂದು ಹೇಳಿ ಎದ್ದು ಹೋದ.

ಮರುದಿನ ಬೆಳಗ್ಗೆ

ರಾತ್ರಿಯೇ ರಿವಾಲ್ವರನ್ನು ನಾನು ಬಿಡಿಬಿಡಿಯಾಗಿ ಬಿಚ್ಚಿ ತೊಳೆದಿದ್ದೆ. ಡೇಲ್‌ನ ಹಳೆಯ ಟೂತ್‌ಬ್ರಷ್ಷು, ಅವನದೇ ಎಣ್ಣೆ. ಅಪ್ಪ ಕಲಿಸಿದ ಒಂದು ಹಂತವನ್ನೂ ಬಿಡಲಿಲ್ಲ. ಜೋಡಿಸಿದ ಮೇಲೆ ಸಿಲಿಂಡರು ಬೆರಳು ತಾಗಿದರೆ ತಿರುಗುತ್ತಿತ್ತು. ಇಷ್ಟು ಚೆನ್ನಾಗಿ ನಾನು ಯಾವ ಬಂದೂಕನ್ನೂ ಮಾಡಿಕೊಟ್ಟಿಲ್ಲ.

ಬೆಳಗ್ಗೆ ಶಶಿಧರ ಬಂದು, "ಏಳ್ರಿ, ಹಳ್ಳದಾಗ ಹಂದಿ ಬಂದಾವಂತ. ಇವತ್ತ ನಿಮ್ಮ ಪಾಳಿ" ಅಂದ. ನಾನು ಮಾಡಿದ್ದು ಗೊತ್ತಿದ್ದೂ ಹಂದಿಯ ಮಾತನ್ನು ಉಳಿಸಿಕೊಂಡ ಅವನು. ಆ ಹೊತ್ತಿನಲ್ಲಿ ಅದಕ್ಕೂ ನನಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತೆಂದರೆ ನೀವು ನಂಬಬೇಕು. ಅವನ ಜಾಗದಲ್ಲಿದ್ದರೆ ನನ್ನಿಂದ ಅದು ಆಗುತ್ತಿರಲಿಲ್ಲ.

ಮೈಸೂರಿನಲ್ಲಿ ಎಲ್ಲರೂ ಕೇಳುವುದು ಹಂದಿಯ ಕಥೆಯನ್ನು. ಹಂದಿ ಬಂತು, ಹೊಡೆದೆ, ನಿಂತಲ್ಲೇ ಬಿತ್ತು. ಐವತ್ತೆಂಟು ವರ್ಷ ಕಾದ ಕಥೆ ಅಷ್ಟರಲ್ಲಿ ಮುಗಿಯುತ್ತದೆ. ಅದಕ್ಕೂ ಹತ್ತು ನಿಮಿಷ ಮುಂಚೆ ನಡೆದದ್ದನ್ನು ನಾನು ವಿಮಲಳಿಗೂ ಹೇಳಿಲ್ಲ.

ಜೀಪು ಹತ್ತುವ ಮುಂಚೆ ರಿವಾಲ್ವರನ್ನು ಶಶಿಧರನ ಕೈಗೆ ಕೊಟ್ಟೆ. ತೋಟಾ ತುಂಬುವವನು ಅವನು. ಅವನು ತಕ್ಷಣ ತುಂಬಲಿಲ್ಲ. ನನ್ನ ಮುಖ ನೋಡದೆ, ಸ್ವಲ್ಪ ನಾಚಿಕೊಂಡವನ ಹಾಗೆ ಅರ್ಧ ಆಚೆ ತಿರುಗಿ, ಸಿಲಿಂಡರು ತೆರೆದು, ಬಿಲ್ಲೆಯನ್ನು ಎತ್ತಿ, ಬೆಳಕಿಗೆ ಹಿಡಿದು ಅಡಿಯಲ್ಲಿ ನೋಡಿದ. ಉಗುರಿನಿಂದ ಒಮ್ಮೆ ಕೆರೆದೂ ನೋಡಿದ.

ನಾನು ಕೊಟ್ಟ ಬಂದೂಕನ್ನು ನಲವತ್ತು ವರ್ಷದಲ್ಲಿ ಯಾರೂ ಹಾಗೆ ತೆರೆದು ನೋಡಿರಲಿಲ್ಲ.